ಸಿ ಮಾತ್ರೆಯ ಊರಿನಲ್ಲಿ ಒಂದು ನೆಗಡಿ

ನಮ್ಮೂರಿನಲ್ಲಿ ನೆಗಡಿ ತಾನಾಗಿ ವಾಸಿಯಾಗುವುದಿಲ್ಲ. ಇನ್ನೊಬ್ಬರು ಕೇಳಿ ಪಡೆದರೆ ಮಾತ್ರ ಬಿಡುತ್ತದೆ. ಕೇಳುವುದಕ್ಕೆ ದೊಡ್ಡ ಶಾಸ್ತ್ರವೇನೂ ಇಲ್ಲ. ನೆಗಡಿಯಾದವರ ಎದುರಿಗೆ ಕೂತು, ಮುಖ ನೋಡಿ, "ಇತ್ತ ಬರಲಿ" ಎಂದರೆ ಮುಗಿಯಿತು. ಆದರೆ ಮನಸ್ಸಿನಿಂದ ಹೇಳಬೇಕು. ಹಾಗೆ ಹೇಳಿದವರಿಗೆ ಆ ಕ್ಷಣವೇ ಸೀನು ಬರುತ್ತದೆ, ಎದುರಿನವರ ಮೂಗು ತಿಳಿಯಾಗುತ್ತದೆ. ಬಾಯಿಮಾತಿಗೆ ಹೇಳಿದರೆ ನೆಗಡಿ ಕೂತಲ್ಲಿಂದ ಅಲುಗುವುದಿಲ್ಲ, ಹೇಳಿದವರ ಬಂಡವಾಳ ನಾಲ್ಕು ಜನರ ಎದುರು ಬಯಲಾಗುತ್ತದೆ. ಇನ್ನೊಂದು ಮಾತು. ಒಬ್ಬರನ್ನು ಬಿಟ್ಟುಹೋದ ನೆಗಡಿ ಅವರ ಬಳಿಗೆ ಮತ್ತೆ ಬರುವುದಿಲ್ಲ, ಎಷ್ಟು ಗೋಗರೆದರೂ ಬರುವುದಿಲ್ಲ. ನೆಗಡಿಗೂ ಸ್ವಾಭಿಮಾನವಿದೆ.

ಹಿಂದೆಲ್ಲ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಮದುವೆಯ ಹಿಂದಿನ ದಿನ ಹುಡುಗಿಗೆ ನೆಗಡಿಯಾದರೆ ಸೋದರಮಾವ ಪಡೆಯುತ್ತಿದ್ದ, ಅದು ಅವನ ಹಕ್ಕು. ಪರೀಕ್ಷೆಯ ಕಾಲಕ್ಕೆ ಮಕ್ಕಳ ನೆಗಡಿಗಳನ್ನು ಕೆಲಸದಿಂದ ನಿವೃತ್ತರಾದವರು ಪಡೆಯುತ್ತಿದ್ದರು. ನಮ್ಮ ಬೀದಿಯ ಕೊನೆಯ ಮನೆಯ ತಮ್ಮಣ್ಣಯ್ಯ ಹೆಗಲ ಮೇಲೆ ದಪ್ಪ ಟವೆಲು ಹಾಕಿಕೊಂಡು ಜಗಲಿಯಲ್ಲಿ ಕೂತು, "ಯಾರದಿದೆ ತನ್ರೋ, ನಂಗೇನು ಕೆಲಸ" ಎಂದು ಹೋಗಿಬರುವ ಮಕ್ಕಳನ್ನು ಕರೆಯುತ್ತಿದ್ದರು. ಅವರು ತೀರಿಕೊಂಡಾಗಲೂ ಅವರ ಮೂಗಿನಲ್ಲಿ ಯಾರದೋ ಏಳನೇ ತರಗತಿಯ ನೆಗಡಿ ಇತ್ತು.

ಆಮೇಲೆ ಸಿ ಮಾತ್ರೆ, ಅಂದರೆ ವಿಟಮಿನ್ ಸಿ, ಬಂತು. ಮೆಡಿಕಲ್ ಶಾಪಿನ ರೇವಣ್ಣ ಅಂಗಡಿಯ ಮುಂದೆ ಬಾಟಲಿಗಳನ್ನು ಗೋಪುರದಂತೆ ಜೋಡಿಸಿಟ್ಟ. ಕಿತ್ತಳೆ ಬಣ್ಣದ ಗುಂಡು ಮಾತ್ರೆ, ಚೀಪಿದರೆ ಹುಳಿ ಸಿಹಿ. ನಿತ್ಯ ಆರೋಗ್ಯಕ್ಕೆ ನಿತ್ಯ ಒಂದು ಎಂದು ಬೋರ್ಡು ಬರೆಸಿದ. ಯಾವ ರೋಗಕ್ಕೆ ಎಂದು ಕೇಳಿದವರಿಗೆ, "ರೋಗ ಇದ್ದೋರಿಗಲ್ಲಮ್ಮ ಇದು, ಇಲ್ದೇ ಇರೋರಿಗೆ" ಎಂದ. ಊರಿನಲ್ಲಿ ರೋಗವಿಲ್ಲದವರೇ ಹೆಚ್ಚು, ಹಾಗಾಗಿ ವ್ಯಾಪಾರ ಕುದುರಿತು. ಒಬ್ಬರಿಗೆ ಕೂದಲು ಉದುರುವುದು ನಿಂತಿತು, ಇನ್ನೊಬ್ಬರಿಗೆ ಮಂಡಿ ಮಡಚಲು ಬಂತು, ಮತ್ತೊಬ್ಬರ ಮಗಳಿಗೆ ಗಂಡು ಗೊತ್ತಾಯಿತು. ಎಲ್ಲವೂ ಮಾತ್ರೆಯ ಖಾತೆಗೇ ಜಮೆಯಾಯಿತು. ನಮ್ಮ ಹಿತ್ತಲಿನಲ್ಲಿ ಸೀಬೆ ಮರವಿದೆ, ಕಾಯಿ ಕಿತ್ತು ಮುಗಿಯುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ, ಹಣ್ಣು ಕೊಳೆತು ನೆಲಕ್ಕೆ ಬೀಳುತ್ತಿತ್ತು. ನಮ್ಮತ್ತೆ ಅದರ ಮೇಲೆಯೇ ಕಾಲಿಟ್ಟುಕೊಂಡು ಹೋಗಿ, ಸೀಬೆಹಣ್ಣಿನ ಚಿತ್ರವಿರುವ ಬಾಟಲಿಯಿಂದ ಮಾತ್ರೆ ತೆಗೆದು ಚೀಪುತ್ತಿದ್ದರು. ಹುಟ್ಟಿದಾಗಿನಿಂದ ನೆಲ್ಲಿಕಾಯಿ ಉಪ್ಪಿನಕಾಯಿ ಹಾಕಿದ ಕೈ ಅದು. ಆ ವರ್ಷ ನೆಲ್ಲಿಕಾಯಿಯೆಲ್ಲ ಎದುರು ಮನೆಯ ಹಸುವಿಗೆ ಹೋಯಿತು. ಆಸ್ಪತ್ರೆಯ ಡಾಕ್ಟರಮ್ಮ, "ದಿನಕ್ಕೊಂದು ಸೀಬೆಹಣ್ಣೋ ಒಂದಿಷ್ಟು ನಿಂಬೆಹಣ್ಣೋ ತಿಂದ್ರೆ ಸಾಕ್ರೀ. ಜಾಸ್ತಿ ಆಗಿದ್ದು ಮೂತ್ರದಲ್ಲಿ ಹೋಗುತ್ತೆ. ಇದು ನೆಗಡೀನ ತಡೆಯೋದೂ ಇಲ್ಲ" ಎಂದುಬಿಟ್ಟರು. ಜನ ಬುದ್ಧಿವಂತರು, ಡಾಕ್ಟರಮ್ಮನ ಬಳಿಗೆ ಹೋಗುವುದನ್ನು ನಿಲ್ಲಿಸಿದರು.

ಮಾತ್ರೆಯ ನಿಜವಾದ ಮಹಿಮೆ ಗೊತ್ತಾದದ್ದು ಪಕ್ಕದ ಮನೆಯ ಪಂಕಜಾಕ್ಷಮ್ಮನವರಿಂದ. ಅವರು ನಮ್ಮ ಬೀದಿಯ ಮಹಿಳಾ ಮಂಡಳಿಯ ಅಧ್ಯಕ್ಷೆ. ಅವರ ತಂಗಿ ಗಟ್ಟಿ ನೆಗಡಿ ಹೊತ್ತುಕೊಂಡು ಬಂದಿಳಿದಾಗ, ನಾವು ನಾಲ್ಕಾರು ಜನ ಅಲ್ಲೇ ಹೂ ಕಟ್ಟುತ್ತಾ ಕೂತಿದ್ದೆವು. ಪಂಕಜಾಕ್ಷಮ್ಮ ತಂಗಿಯ ಎರಡೂ ಕೈ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಇತ್ತ ಬರಲಿ ಕಣೇ" ಎಂದರು. ತಂಗಿ ಸೀನಿದಳು. ಪಂಕಜಾಕ್ಷಮ್ಮ ಸೀನಲಿಲ್ಲ. ನಾವೆಲ್ಲ ಹೂವಿನ ಬುಟ್ಟಿಯನ್ನೇ ನೋಡತೊಡಗಿದೆವು. ಆಗ ಆ ತಾಯಿಗೆ ಸರಸ್ವತಿ ಒಲಿದಳು. "ಅಯ್ಯೋ, ಬೆಳಿಗ್ಗೆ ತಾನೇ ಸಿ ಮಾತ್ರೆ ತಗೊಂಡಿದೀನಿ ಕಣೇ! ನೆಗಡೀನ ಒಳಗೇ ಬಿಡ್ತಿಲ್ಲ ಅದು!"

ಊರು ಅಂದು ಉದ್ಧಾರವಾಯಿತು. ಸಂಜೆಯೊಳಗೆ ರೇವಣ್ಣನ ಗೋಪುರ ಖಾಲಿ. ಅಲ್ಲಿಂದ ಮುಂದೆ ಎಲ್ಲರೂ ಎಲ್ಲರಿಗೂ ಬಾಯ್ತುಂಬ "ಇತ್ತ ಬರಲಿ" ಎನ್ನತೊಡಗಿದರು. ಅತ್ತೆಗೆ ಸೊಸೆ, ಸೊಸೆಗೆ ಅತ್ತೆ, ಸಾಹೇಬರಿಗೆ ಗುಮಾಸ್ತ. ಅಷ್ಟು ಪ್ರೀತಿಯನ್ನು ನಮ್ಮೂರು ಕಂಡಿರಲಿಲ್ಲ. ನೆಗಡಿ ಮಾತ್ರ ಯಾರು ಯಾರ ಬಳಿ ಇತ್ತೋ ಅಲ್ಲಲ್ಲೇ ಉಳಿಯಿತು.

ಆ ಹೊತ್ತಿಗೆ ನನ್ನ ತಂಗಿ ಹೆರಿಗೆಗೆ ಆಸ್ಪತ್ರೆ ಸೇರುವವಳಿದ್ದಳು. ಅವಳ ನೆಗಡಿ ನಾನು ಪಡೆದೆ. ಅತ್ತೆಯವರ ಒತ್ತಾಯಕ್ಕೆ ನಾನೂ ದಿನಾ ಮಾತ್ರೆ ಚೀಪುತ್ತಿದ್ದವಳೇ. ಆದರೂ ಕೇಳಿದ ಕೂಡಲೇ ನೆಗಡಿ ಬಂತು. "ಅತ್ತೆ, ನಾನೂ ಮಾತ್ರೆ ತಗೊಂಡಿದ್ದೆ, ಆದ್ರೂ ಬಂತಲ್ಲ" ಎಂದೆ. ಅವರು ಸ್ವಲ್ಪ ಯೋಚಿಸಿ, "ನೀನು ಸರಿಯಾಗಿ ಚೀಪಿರಲ್ಲ ಬಿಡು ವಿಶಾಲೂ. ನಿಂಗೆ ಎಲ್ಲದಕ್ಕೂ ಅವಸರ" ಎಂದರು.

ನೆಗಡಿ ಇಟ್ಟುಕೊಂಡೇ ಅಡುಗೆ, ಬಟ್ಟೆ, ನೀರು ಎಲ್ಲ ನಡೆಯಿತು. ಹೆಂಗಸಿನ ಮೂಗು ಕಟ್ಟಿದರೆ ಒಲೆಯೇನೂ ಆರುವುದಿಲ್ಲ. ಒಂದು ಸಂಜೆ ಚಪಾತಿ ಲಟ್ಟಿಸುತ್ತಾ ತೋಳಿಗೆ ಮೂಗು ಒರೆಸಿಕೊಳ್ಳುತ್ತಿದ್ದೆ. ನನ್ನ ಮಗಳು ಇಂಚರ ಹಿಟ್ಟಿನ ಉಂಡೆ ಮಾಡಿಕೊಡುತ್ತಿದ್ದಳು. ಮೂರನೇ ತರಗತಿ. ಉಂಡೆಗಳಿಗೆ ಕಣ್ಣು ಮೂಗು ಇಡದೆ ಕೊಟ್ಟ ದಿನವಿಲ್ಲ. ಅವಳು ಇದ್ದಕ್ಕಿದ್ದಂತೆ ನನ್ನ ಮುಖ ನೋಡಿ, "ಅಮ್ಮಾ, ಇತ್ತ ಬರಲಿ" ಎಂದಳು. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಟ್ಟೆಲ್ಲ ಹಾರುವಂತೆ ಸೀನಿದಳು. ನನ್ನ ಮೂಗಿಗೆ ಗೋಧಿಯ ವಾಸನೆ ಬಂತು. ಅವಳೂ ಬೆಳಿಗ್ಗೆ ಅಜ್ಜಿಯ ಕೈಯಿಂದ ಮಾತ್ರೆ ತಿಂದಿದ್ದಳು. ಆ ವಿಷಯ ಎತ್ತಿದರೆ ಅತ್ತೆಯವರು, "ಮಕ್ಕಳಿಗೆ ಒಂದು ಮಾತ್ರೆ ಏನು ಸಾಲುತ್ತೆ?" ಎಂದರು.

ಹೀಗೆ ನನ್ನ ತಂಗಿಯನ್ನು ಬಿಟ್ಟರೆ ಇಡೀ ಊರಿನಲ್ಲಿ ಆ ನೆಗಡಿಯನ್ನು ಪಡೆಯಲಾಗದವಳು ನಾನೊಬ್ಬಳೇ ಆದೆ. ನನ್ನನ್ನು ಬಿಟ್ಟುಹೋದದ್ದು ನನಗೆ ಬಾರದು. ಆದರೂ ಇಂಚರ ಮಲಗಿದ ಮೇಲೆ ಹತ್ತಿರ ಕೂತು ಅಂದೆ, ಹಣೆಗೆ ಹಣೆ ಹಚ್ಚಿ ಅಂದೆ. ಬರಲಿಲ್ಲ.

ಮೊದಮೊದಲು ಅವಳಿಗೆ ಅದೊಂದು ಪದವಿಯಂತಿತ್ತು. ಅಮ್ಮನ ನೆಗಡಿ ಎಂದು ಶಾಲೆಯಲ್ಲಿ ಹೇಳಿಕೊಂಡು ಬಂದಳು. ಆಮೇಲೆ ನಾಲಿಗೆಯ ರುಚಿ ಹೋಯಿತು. ಅವಳಿಗೆ ಪ್ರಾಣವಾದ ಮಾವಿನಕಾಯಿ ಚಿತ್ರಾನ್ನ ಮಾಡಿಟ್ಟರೆ, ಎರಡು ತುತ್ತು ತಿಂದು, "ಕಾಗದ ಅಗಿದ ಹಾಗಿದೆ ಅಮ್ಮಾ" ಎಂದು ತಟ್ಟೆ ಸರಿಸಿದಳು. ವಾರಗಳು ಕಳೆದಂತೆ ಹಸಿವೇ ಹೋಯಿತು. ಶಾಲೆಯಲ್ಲಿ ಮೇಷ್ಟ್ರು, "ಉಳಿದ ಮಕ್ಕಳ ಮಾತ್ರೆಗೆ ಸುಮ್ಮನೆ ಶ್ರಮ ಯಾಕೆ" ಎಂದು ಅವಳನ್ನು ಹೊರಗಿನ ಮೆಟ್ಟಿಲಿನ ಮೇಲೆ ಕೂರಿಸಿದರು. ಸ್ನಾನ ಮಾಡಿಸುವಾಗ ಬೆನ್ನಿಗೆ ಸೋಪು ಹಚ್ಚಿದರೆ ಮೂಳೆ ಕೈಗೆ ಸಿಗುತ್ತಿತ್ತು. ಮಗುವಿನ ಬೆನ್ನು ತಾಯಿಯ ಅಂಗೈಗೆ ಗೊತ್ತು, ತಕ್ಕಡಿ ಬೇಕಿಲ್ಲ. ಇನ್ನೂ ಕೆಲ ವಾರ ಹೀಗೇ ನಡೆದರೆ ಅವಳು ಹಾಸಿಗೆ ಹಿಡಿಯುತ್ತಾಳೆ ಎಂದು ನನಗೆ ತಿಳಿದುಹೋಯಿತು.

ಯಾರಾದರೂ ಅದನ್ನು ಪಡೆದಾರೇನೋ ಎಂದು ಕೇಳಲು ಹೊರಟೆ. ಪಂಕಜಾಕ್ಷಮ್ಮ ಸಂತೋಷದಿಂದ ಅಂದರು, ಸೀನಲಿಲ್ಲ. "ಏನ್ ಮಾಡ್ಲಿ ವಿಶಾಲೂ, ದಿನಾ ಎರಡು ತಗೋತಿದೀನಿ" ಎಂದು ಬಾಟಲಿ ಅಲ್ಲಾಡಿಸಿ ತೋರಿಸಿದರು. ಅತ್ತೆಯವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಲೆ ಸವರಿ, ದೃಷ್ಟಿ ತೆಗೆದು ಅಂದರು, ಸೀನಲಿಲ್ಲ. "ನನ್ನ ಮೈಯೆಲ್ಲ ಈಗ ಸಿ ಆಗ್ಬಿಟ್ಟಿದೆ ಕಣೇ ಕಂದ" ಎಂದು ಕಣ್ಣೊರೆಸಿಕೊಂಡರು.

ಉಳಿದವರು ನಮ್ಮವರು. ಅವರು ಹೆಣ್ಣು ನೋಡಲು ಬಂದ ದಿನ ನನಗೆ ವಿಪರೀತ ನೆಗಡಿಯಿತ್ತು. ಕಾಫಿ ಲೋಟ ತೆಗೆದುಕೊಳ್ಳುತ್ತಾ, ಯಾರೂ ಹೇಳಿಕೊಡದೆ, ಮೆಲ್ಲಗೆ "ಇತ್ತ ಬರಲಿ" ಎಂದು, ಕಾಫಿಯೆಲ್ಲ ಬಿಳಿ ಷರ್ಟಿನ ಮೇಲೆ ಚೆಲ್ಲುವಂತೆ ಸೀನಿದ್ದರು. ನಮ್ಮಪ್ಪ ಆಮೇಲೆ ಜಾತಕ ಕೇಳಲೇ ಇಲ್ಲ. ಅಂಥ ಮನುಷ್ಯ ಈಗ ಪೇಪರ್ ಮಡಚಿಟ್ಟು, ಮಗಳ ಮುಖ ನೋಡಿ, ಅದೇ ಮಾತು ಅಂದರು. ಸೀನು ಬರಲಿಲ್ಲ.

"ಮಾತ್ರೆ ಕಣೆ" ಎಂದರು ನನ್ನನ್ನು ನೋಡದೆ.

"ಹಾಗಾದ್ರೆ ನಾಲ್ಕು ದಿನ ಬಿಡಿ ಮಾತ್ರೆ."

"ಈಗ್ಲಾ? ಆಫೀಸಲ್ಲಿ ಈಗ ತಾನೇ ಫ್ಯಾನಿನ ಕೆಳಗಿನ ಕುರ್ಚಿ ಸಿಕ್ಕಿದೆ. ನೆಗಡಿ ಅಂದ್ರೆ ವೆರಾಂಡಕ್ಕೆ ಹಾಕ್ತಾರೆ. ಆ ಕುರ್ಚಿ ಮೇಲೆ ಎಷ್ಟು ಜನರ ಕಣ್ಣಿದೆ ಗೊತ್ತಾ ನಿಂಗೆ?"

"ಇಂಚರಾನೂ ಹೊರಗೇ ಕೂತಿದಾಳೆ ರೀ. ಮೆಟ್ಟಿಲ ಮೇಲೆ."

"ಮಕ್ಕಳಿಗೆ ಗಾಳಿ ಬೆಳಕು ಒಳ್ಳೇದು" ಎಂದು ಪೇಪರ್ ಬಿಡಿಸಿದರು.

ನಾನು ಜಗಳವಾಡುವವಳಲ್ಲ. ನಂಬುವವರ ಜೊತೆ ವಾದ ಮಾಡಬಹುದು, ನಂಬಿದಂತೆ ಇರುವವರ ಜೊತೆ ಮಾಡಿ ಫಲವಿಲ್ಲ. ಮಾರನೇ ದಿನ ಮಾರ್ಕೆಟ್ಟಿಗೆ ಹೋದಾಗ ಕಿರಾಣಿ ಅಂಗಡಿಯ ಗಾಜಿನ ಜಾಡಿಯಲ್ಲಿ ಕಿತ್ತಳೆ ಪೆಪ್ಪರಮಿಂಟು ಕಂಡೆ. ಬಣ್ಣ, ಗಾತ್ರ, ಹುಳಿ ಸಿಹಿ ಎಲ್ಲವೂ ಥೇಟ್ ಅದೇ. ಮನೆಗೆ ಬಂದು ಅಕ್ಕಿ ನೆನೆಹಾಕಿ, ಬೇಳೆ ಬೇಯಲಿಟ್ಟು, ನಮ್ಮವರ ಬಾಟಲಿಯನ್ನೂ ಅತ್ತೆಯವರ ಬಾಟಲಿಯನ್ನೂ ಖಾಲಿ ಮಾಡಿ ಪೆಪ್ಪರಮಿಂಟು ತುಂಬಿದೆ. ಬೇಳೆ ಬೇಯುವುದರೊಳಗೆ ಕೆಲಸ ಮುಗಿದಿತ್ತು.

ಪೆಪ್ಪರಮಿಂಟು ಅದ್ಭುತವಾಗಿ ಕೆಲಸ ಮಾಡಿತು. ಅತ್ತೆಯವರ ಸೊಂಟ ನೋವು ಹೋಯಿತು. "ಈ ಸಲದ ಬಾಟಲಿ ಹೊಸ ಸರಕು ಕಣೇ, ಪವರ್ ಜಾಸ್ತಿ" ಎಂದು ಬೀದಿಗೆಲ್ಲ ಸಾರಿದರು. ನಮ್ಮವರು ಕನ್ನಡಿಯಲ್ಲಿ ಕೆನ್ನೆ ನೋಡಿಕೊಂಡು, "ಒಂಥರಾ ತೇಜಸ್ಸು ಬಂದಿದೆ, ಅಲ್ವಾ?" ಎಂದರು. ಬಂದಿದೆ ಎಂದೆ. ಸಕ್ಕರೆ ತಿಂದರೆ ಯಾರಿಗೆ ತಾನೇ ಬರುವುದಿಲ್ಲ? ಹೇಳಲು ಒಳ್ಳೆಯ ಸಮಯಕ್ಕಾಗಿ ಕಾಯುತ್ತಿದ್ದೆ. ಅವರೊಬ್ಬರೇ ಇದ್ದಾಗ, ಊಟವಾದ ಮೇಲೆ, ಮೆತ್ತಗೆ. ಗಂಡಸಿಗೆ ನಾಚಿಕೆಯಾಗುವಂತೆ ಹೇಳಬೇಕು, ಅವಮಾನವಾಗುವಂತೆ ಅಲ್ಲ. ಇವೆರಡರ ನಡುವಿನ ದಾರಿ ನನ್ನ ಅಡುಗೆಮನೆಯ ಜಂತೆಗಿಂತ ಕಿರಿದು.

ಆ ಸಮಯ ಬರುವ ಮೊದಲೇ ಪಂಕಜಾಕ್ಷಮ್ಮ ಬಂದರು. ಭಾನುವಾರ ಮಂಡಳಿಯ ಸಭೆ, ನಿತ್ಯ ಆರೋಗ್ಯದ ಬಗ್ಗೆ ನಮ್ಮವರೇ ಮಾತನಾಡಬೇಕು, ಅದೂ ನಮ್ಮ ಹಜಾರದಲ್ಲೇ, ಏಕೆಂದರೆ ನಮ್ಮದು ದೊಡ್ಡ ಹಜಾರ. "ನೀನೇನೂ ತಲೆ ಕೆಡಿಸ್ಕೋಬೇಡ ವಿಶಾಲೂ, ಕೇಸರಿಬಾತು ಒಂದು ಮಾಡಿದ್ರೆ ಸಾಕು" ಎಂದರು. ಎಷ್ಟು ಜನಕ್ಕೆ ಎಂದು ಕೇಳಿದೆ. "ಬೀದಿಗಷ್ಟೇ" ಎಂದರು.

ಭಾನುವಾರ ಹಜಾರ ತುಂಬಿತು. ರೇವಣ್ಣ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಬಾಟಲಿಗಳ ರಟ್ಟಿನ ಪೆಟ್ಟಿಗೆ. ನಾನು ಅಡುಗೆಮನೆಯಲ್ಲಿ ರವೆ ಹುರಿಯುತ್ತಾ, ಬಾಗಿಲಿನಿಂದ ಕೇಳುತ್ತಿದ್ದೆ. ನಮ್ಮವರಿಗೆ ಮೈಕು ಸಿಕ್ಕಿದ್ದು ಅದೇ ಮೊದಲು. ಮನುಷ್ಯನ ದೇಹ ಒಂದು ಕೋಟೆ ಎಂದರು, ಮಾತ್ರೆ ಅದರ ದ್ವಾರಪಾಲಕ ಎಂದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ಗಂಡಸರಿಗೆ ನಿಲ್ಲಲು ಬರುವುದಿಲ್ಲ. "ಮಾತು ಯಾಕೆ, ಪ್ರತ್ಯಕ್ಷ ತೋರಿಸ್ತೀನಿ" ಎಂದು, ಮೂಲೆಯಲ್ಲಿ ಕೂತಿದ್ದ ಇಂಚರಳನ್ನು ಕೈಹಿಡಿದು ಎಲ್ಲರ ಎದುರು ನಿಲ್ಲಿಸಿದರು. "ನೋಡಿ, ನನ್ನ ಸ್ವಂತ ಮಗಳು. ಗಟ್ಟಿ ನೆಗಡಿ. ಈಗ ಕೇಳ್ತೀನಿ ನೋಡಿ. ಇತ್ತ ಬರಲಿ!" ಒಂದು ಗಳಿಗೆ ಬಿಟ್ಟು ಎದೆ ತಟ್ಟಿಕೊಂಡರು. "ಬಂತಾ? ಇಲ್ಲ! ಇನ್ನೊಂದು ಸಲ. ಇತ್ತ ಬರಲಿ! ಬಂತಾ?"

"ಇಲ್ಲ!" ಎಂದಿತು ಹಜಾರ. ಹಿಂದೆ ಕೂತ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಇಂಚರ ತನ್ನ ಫ್ರಾಕಿನ ತುದಿ ತಿರುಚುತ್ತಾ ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಪ್ರತಿ ಸಲವೂ ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ನಿಜವಾಗಿ ಕಾಯುತ್ತಿದ್ದವಳು ಆ ಹಜಾರದಲ್ಲಿ ಅವಳೊಬ್ಬಳೇ.

ನಾನು ಸೌಟು ಕೆಳಗಿಟ್ಟು ಹೊರಗೆ ಬಂದೆ. ಅಷ್ಟು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮೆತ್ತನೆಯ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ರೀ, ನೀವು ತಿಂತಿರೋದು ಪೆಪ್ಪರಮಿಂಟು" ಎಂದೆ. "ನಿಮ್ಮ ಬಾಟಲೀಲಿ ಮಾತ್ರೆ ಇಲ್ಲ. ಹೋದ ಭಾನುವಾರದ ಮುಂಚಿಂದಾನೂ ಇಲ್ಲ. ಅತ್ತೆ, ನಿಮ್ಮದರಲ್ಲೂ ಇಲ್ಲ."

ರೇವಣ್ಣ ಎದ್ದು ಬಂದು ನಮ್ಮವರ ಬಾಟಲಿಯಿಂದ ಒಂದನ್ನು ತೆಗೆದು ಕಡಿದ. "ಹೌದ್ರೀ, ಪೆಪ್ಪರಮಿಂಟೇ" ಎಂದು ತೀರ್ಪು ಕೊಟ್ಟ. ಎಲ್ಲರೂ ಮೊದಲು ನಮ್ಮವರನ್ನು ನೋಡಿದರು, ಆಮೇಲೆ ಹೂವಿನ ಬುಟ್ಟಿ ಇಲ್ಲದ್ದರಿಂದ ತಮ್ಮ ತಮ್ಮ ಕಾಲಿನ ಬೆರಳುಗಳನ್ನು ನೋಡಿಕೊಂಡರು. ಕೋಟೆ ಇತ್ತು, ದ್ವಾರಪಾಲಕನಿರಲಿಲ್ಲ. ಹಾಗಾದರೆ ನೆಗಡಿ ಯಾಕೆ ಬರಲಿಲ್ಲ ಎಂಬುದು ನಮ್ಮೂರಿನ ಕೂಸಿಗೂ ಗೊತ್ತು. ಅತ್ತೆಯವರು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಆಗ ಇಂಚರ ಮಾತನಾಡಿದಳು. ಕಟ್ಟಿದ ಮೂಗಿನ ಆ ಸಣ್ಣ ದನಿ ಮೈಕಿನಲ್ಲಿ ಹಜಾರಕ್ಕೆಲ್ಲ ಕೇಳಿಸಿತು. "ಅಪ್ಪ ನಿಜವಾಗ್ಲೂನೇ ಕೇಳಿದ್ದು. ನಾನೇ ಕೊಡ್ಲಿಲ್ಲ. ಗಟ್ಟಿಯಾಗಿ ಹಿಡ್ಕೊಂಡಿದ್ದೆ." ಎಲ್ಲರನ್ನೂ ಒಮ್ಮೆ ನೋಡಿ, ಯಾರೂ ನಂಬಿದಂತೆ ಕಾಣದಿದ್ದಾಗ, ಇನ್ನೂ ಸೇರಿಸಿದಳು. "ಅಪ್ಪಂಗೆ ಬಂದ್ರೆ ವೆರಾಂಡದಲ್ಲಿ ಕೂರಿಸ್ತಾರಲ್ಲ, ಅದಕ್ಕೆ."

ನೆಗಡಿಯನ್ನು ಹಿಡಿದಿಟ್ಟುಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಅದು ಅವಳಿಗೂ ಗೊತ್ತು, ಅಲ್ಲಿದ್ದವರಿಗೆಲ್ಲ ಗೊತ್ತು. ಅವಳಪ್ಪನಿಗೂ ಗೊತ್ತು.

ಅವರು ಮೈಕನ್ನು ಕುರ್ಚಿಯ ಮೇಲಿಟ್ಟರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಮಂಡಿಯೂರಿ, ಅವಳ ಮುಖದ ಮಟ್ಟಕ್ಕೆ ಬಂದರು. ಅವಳ ಮೂಗಿನ ತುದಿ ಒರೆಸಿ ಒರೆಸಿ ಸಿಪ್ಪೆ ಎದ್ದಿತ್ತು. ಅದನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ ಇರಬೇಕು. ಬಾಯಿ ಅಲುಗಿದ್ದು ಕಂಡಿತು, ಏನೆಂದರೋ ನನಗೆ ಕೇಳಿಸಲಿಲ್ಲ. ಸೀನು ಮಾತ್ರ ಇಡೀ ಬೀದಿಗೆ ಕೇಳಿಸಿತು. ಕುರ್ಚಿಯ ಮೇಲಿದ್ದ ಮೈಕು ಕಿರುಚಿಕೊಂಡಿತು, ಗೋಡೆಯ ಕ್ಯಾಲೆಂಡರು ಕಳಚಿ ಬಿತ್ತು. ಒಂದರ ಹಿಂದೆ ಒಂದು, ನಿಲ್ಲದಂತೆ ಸೀನಿದರು. ಅಷ್ಟು ವಾರಗಳದ್ದೂ ಬಾಕಿಯಿತ್ತಲ್ಲ.

ಈಗಲಾದರೂ ಜನಕ್ಕೆ ತಿಳಿಯಿತು ಎಂದು ನಾನು ಅಂದುಕೊಂಡೆ. ನಾನು ಪೆದ್ದಿ. ಪಂಕಜಾಕ್ಷಮ್ಮ ಎದ್ದು ನಿಂತು ಕೈ ಮೇಲೆತ್ತಿದರು. "ನೋಡಿದ್ರಾ! ಕಣ್ಣಾರೆ ನೋಡಿದ್ರಾ! ಮಾತ್ರೆ ಬಿಟ್ಟು ಪೆಪ್ಪರಮಿಂಟು ತಿಂದ್ರೆ ಗತಿ ಹೀಗೇ ಆಗೋದು!"

"ಅಲ್ವೇ ಮತ್ತೆ!" ಎಂದರು ನಮ್ಮತ್ತೆ ಎಲ್ಲರಿಗಿಂತ ಜೋರಾಗಿ. "ನನ್ನ ಮಗನ್ನ ಹಾಳು ಮಾಡಿದ್ಳು! ರೇವಣ್ಣಾ, ನಂಗೊಂದು ಬಾಟಲಿ ಈಗ್ಲೇ ಕೊಡಪ್ಪ. ಬೆಳಗ್ಗಿಂದ ಸೊಂಟ ಬೇರೆ ಹಿಡ್ಕೊಂಡಿದೆ."

ಚಪ್ಪಾಳೆ ಮತ್ತೆ ಬಿತ್ತು. ರೇವಣ್ಣನ ರಟ್ಟಿನ ಪೆಟ್ಟಿಗೆಯ ಸುತ್ತ ಜನ ಮುಗಿಬಿದ್ದರು. ಬೀಗುತ್ತಿದ್ದ ಅವನು ಒಬ್ಬೊಬ್ಬರಿಗೂ, "ಅಸಲಿ ನೋಡಿ ತಗೊಳ್ಳಿ, ಮನೇಲಿ ಹೆಂಗಸರ ಕೈಗೆ ಸಿಗದ ಹಾಗೆ ಇಟ್ಕೊಳ್ಳಿ" ಎಂದು ಹೇಳುತ್ತಿದ್ದ. ಆ ನೂಕುನುಗ್ಗಲಿನಲ್ಲಿ ನಮ್ಮವರು ನೆಲದ ಮೇಲೇ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಸೀನುತ್ತಿದ್ದರು. ಯಾರೋ ದಾಟಿಹೋಗುತ್ತಾ ಅವರಿಗೆ, "ಇತ್ತ ಬರಲಿ ಸಾರ್" ಎಂದು ಹೇಳಿ, ಬಾಟಲಿಯ ಮುಚ್ಚಳ ತಿರುಗಿಸಿದರು. ನಮ್ಮವರು ಟವೆಲು ಸರಿಸಿ, "ಬೇಡಪ್ಪ, ಇರಲಿ" ಎಂದರು. ಕಣ್ಣು ಮೂಗು ಎಲ್ಲ ಕೆಂಪಾಗಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದರು, ಸೀನು ಬಿಡಲಿಲ್ಲ. ನನಗೂ ಕೇಳಬೇಕಿರಲಿಲ್ಲ.

ನಾನು ಬಾಗಿಲ ಚೌಕಟ್ಟಿಗೆ ಒರಗಿ ಅಳುತ್ತಿದ್ದೆ. ಅತ್ತರೆ ನನ್ನ ಮೂಗು ಪೂರ್ತಿ ಕಟ್ಟಿಹೋಗುತ್ತದೆ, ಯಾವ ವಾಸನೆಯೂ ತಿಳಿಯುವುದಿಲ್ಲ. ಇಂಚರ ಜನರ ಕಾಲುಗಳ ನಡುವೆ ನುಸುಳಿಕೊಂಡು ಬಂದು ನನ್ನ ಸೆರಗು ಜಗ್ಗಿದಳು. ಮುಖ ಮೇಲೆತ್ತಿ, ಬೆಕ್ಕಿನ ಮರಿಯ ಹಾಗೆ ಗಾಳಿಯನ್ನು ಮೂಸುತ್ತಿದ್ದಳು.

"ಅಮ್ಮಾ, ಒಲೆ ಮೇಲೆ ಏನೋ ಸೀಯ್ತಿದೆ."

"ಸೀಯಲಿ ಬಿಡು" ಎಂದೆ, ಅವಳನ್ನು ಎತ್ತಿಕೊಂಡು. "ಏನು ವಾಸನೆ? ಇನ್ನೊಂದು ಸಲ ಹೇಳು."